ತೂಗುಸೇತುವೆಯ ಹಗ್ಗದೊಳಗೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಲೆ-ಕಾಲೇಜುಗಳಿಂದ ಪ್ರವಾಸ ಹೊರಟಾಗ ನಿಮ್ಮಲ್ಲಿ ಹಲವರು ಗೋಕಾಕ ಜಲಪಾತವನ್ನು ನೋಡಿರಬಹುದು. ಘಟಪ್ರಭಾ ನದಿ ಅಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಜಲಪಾತದ ನೆತ್ತಿಯ ಬಳಿ ನದಿಗೆ ಅಡ್ಡಲಾಗಿ ಹಳೆಯ ತೂಗುಸೇತುವೆಯೊಂದಿದೆ. ಉದ್ದ ಸುಮಾರು 200 ಮೀಟರ್. ಬಂಡೆಯ ಹಾಸಿನಿಂದ ಎತ್ತರ ಸುಮಾರು 14 ಮೀಟರ್. ಈ ನೀರಿನ ಬಲದಿಂದ ನೂಲಿನ ಗಿರಣಿ ನಡೆಸುವ ಉದ್ಯಮ 1880ರ ದಶಕದಲ್ಲಿ ಇಲ್ಲಿ ಆರಂಭವಾಯಿತು. ಆ ಕಾಲದ ನೆನಪನ್ನು ಈ ಸೇತುವೆ ಇಂದಿಗೂ ಹೊತ್ತಿದೆ.

ತೂಗುಸೇತುವೆಯಲ್ಲಿ ನೀವು ಹೆಜ್ಜೆಯಿಟ್ಟ ಹಲಗೆಯ ಭಾರ ಸಣ್ಣ ತೂಗುಕಂಬಿಗಳಿಗೆ, ಅಲ್ಲಿಂದ ಎರಡೂ ಬದಿಯ ಮುಖ್ಯ ಹಗ್ಗಗಳಿಗೆ, ಕೊನೆಗೆ ದಡದ ಕಂಬ ಮತ್ತು ಬುಡಗಳಿಗೆ ಸಾಗುತ್ತದೆ. ಅಂದರೆ ಸೇತುವೆಯ ಜೀವ ಇರುವುದು ಹಗ್ಗದಲ್ಲಿ. ನೀರು, ಗಾಳಿಯಲ್ಲಿನ ಆಮ್ಲಜನಕ ಎರಡೂ ಸೇರಿದರೆ ಕಬ್ಬಿಣಕ್ಕೆ ಜಂಗು ಹಿಡಿಯುತ್ತದೆ. ಜಲಪಾತದ ಪಕ್ಕದಲ್ಲಿ ಇವೆರಡಕ್ಕೂ ಬರವಿಲ್ಲ.

ಇದನ್ನು ಕಡೆಗಣಿಸಿದರೆ ಏನಾದೀತು? ಗುಜರಾತಿನ ಮೋರ್ಬಿಯಲ್ಲೂ 19ನೆಯ ಶತಮಾನದ ತೂಗುಸೇತುವೆಯೊಂದಿತ್ತು. ದುರಸ್ತಿಯ ನಂತರ 2022ರ ಅಕ್ಟೋಬರ್ 26ರಂದು ಅದನ್ನು ಜನರಿಗೆ ತೆರೆದರು. ಅಕ್ಟೋಬರ್ 30ರಂದು ಅದು ಕುಸಿದು 135 ಜನ ಪ್ರಾಣ ಕಳೆದುಕೊಂಡರು. ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22ಕ್ಕೆ ಜಂಗು ಹಿಡಿದಿತ್ತು, ಅವು ಮೊದಲೇ ತುಂಡಾಗಿರಬಹುದು ಎಂದು ತನಿಖಾ ತಂಡ ಹೇಳಿತು. ಈಗ ನೀವೇ ಲೆಕ್ಕ ಹಾಕಿ. 49 ತಂತಿಗಳ ಭಾರ 27ರ ಮೇಲೆ ಬಿದ್ದರೆ ಪ್ರತಿ ತಂತಿಗೆ ಸುಮಾರು 1.8 ಪಟ್ಟು ಭಾರ. ಅದರ ಮೇಲೆ, ಮರದ ಹಲಗೆಗಳ ಬದಲು ಹಾಕಿದ ಅಲ್ಯೂಮಿನಿಯಂ ಹಾಸಿನಿಂದ ತೂಕವೂ ಹೆಚ್ಚಿತ್ತು.

ಕಾರ್ಯಕ್ರಮಗಳನ್ನು ಚಿತ್ರೀಕರಿಸುವ ನನಗೆ ಒಂದು ಮಾತು ಗೊತ್ತು: ಕ್ಯಾಮೆರಾಕ್ಕೆ ಹೊಸ ಬಣ್ಣ ಚೆನ್ನಾಗಿ ಕಾಣುತ್ತದೆ, ಹಗ್ಗದೊಳಗಿನ ಜಂಗು ಕಾಣುವುದಿಲ್ಲ. ಆದ್ದರಿಂದ ಸಂರಕ್ಷಣೆ ಎಂದರೆ ಬಣ್ಣ ಬಳಿಯುವುದಷ್ಟೇ ಅಲ್ಲ. ತಜ್ಞರು ಹಗ್ಗ, ಕೊಂಡಿ, ಬುಡಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು; ಎಷ್ಟು ಜನ ಹತ್ತಬಹುದೆಂದು ನಿರ್ಧರಿಸಬೇಕು; ಸಂಶಯ ಬಂದರೆ ಬಾಗಿಲು ಮುಚ್ಚಬೇಕು. ಇಂಗ್ಲೆಂಡಿನಲ್ಲಿ ಸೆವರ್ನ್ ನದಿಯ ಮೇಲೆ 1779ರಲ್ಲಿ ನಿಂತ ಕಬ್ಬಿಣದ ಸೇತುವೆಯಲ್ಲಿ 1934ರಲ್ಲಿ ವಾಹನ ಸಂಚಾರವನ್ನೇ ನಿಲ್ಲಿಸಿದರು. ಭಾರ ಇಳಿಸಿಕೊಂಡ ಆ ಮುದಿ ಸೇತುವೆಯ ಮೇಲೆ ಜನ ಈಗಲೂ ನಡೆದಾಡುತ್ತಾರೆ.

ಮುಂದಿನ ಸಲ ಗೋಕಾಕಕ್ಕೆ ಹೋದಾಗ ಸೇತುವೆಯ ಬಾಗಿಲಲ್ಲಿ ಕಾವಲುಗಾರ ತಡೆದರೆ ಬೇಸರಪಡಬೇಡಿ. ಬಿಟ್ಟರೆ ಸಾಲಾಗಿ ನಡೆಯಿರಿ. ಗೆಳೆಯರನ್ನು ಹೆದರಿಸಲು ಅದನ್ನು ಜೋಕಾಲಿಯಂತೆ ತೂಗಬೇಡಿ. ಮರಳುವಾಗ ನಿಮ್ಮ ಊರಿನ ಹಳೆಯ ಸೇತುವೆಯನ್ನೂ ಒಮ್ಮೆ ಕೆಳಗಿನಿಂದ ನೋಡಿ. ಜಂಗು ಕಂಡರೆ ಗುರುಗಳಿಗೆ ತಿಳಿಸಿ, ಪಂಚಾಯತಿಗೆ ಒಂದು ಪತ್ರ ಬರೆಯಿರಿ.