ತೆರಿಗೆ ಇಲ್ಲದಿರುವುದು ಬೆಳೆಗೆ, ರೈತನಿಗಲ್ಲ

(ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತಲ ಹಳ್ಳಿಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲ ಅಂತ ಮಾತಾಡೋ ನಾವು ಇವತ್ತು ಇನ್‌ಕಂ ಟ್ಯಾಕ್ಸ್ ಮಾತು ಎತ್ತಿದ್ದೇಕೆ ಎಂದು ನೀವು ಕೇಳಬಹುದು. "ರೈತನಿಗೆ ಎಲ್ಲಿಯ ಟ್ಯಾಕ್ಸು?" ಅನ್ನೋದು ನಮ್ಮ ಕಡೆ ರೂಢಿಯ ಮಾತು. ಅದು ಅರ್ಧ ಸತ್ಯ. ಕಾನೂನು ವಿನಾಯಿತಿ ಕೊಟ್ಟಿರುವುದು ಬೇಸಾಯದ ಆದಾಯಕ್ಕೆ. ರಾಗಿ, ಮಾವು, ತೆಂಗು ಮಾರಿದ ಹಣಕ್ಕೆ ತೆರಿಗೆ ಇಲ್ಲ. ಅದೇ ಹೊಲದಲ್ಲಿ ವಠಾರ ಕಟ್ಟಿ ಫ್ಯಾಕ್ಟರಿ ಕಾರ್ಮಿಕರಿಗೆ ಬಾಡಿಗೆ ಕೊಟ್ಟರೆ ಅದು ಬೇಸಾಯವಲ್ಲ. ಹಿಪ್ಪುನೇರಳೆ ಸೊಪ್ಪು ಬೇಸಾಯ. ಆದರೆ ರಾಮನಗರದ ಮಾರುಕಟ್ಟೆಗೆ ಒಯ್ಯುವ ರೇಷ್ಮೆಗೂಡು ಬೇಸಾಯದ ಉತ್ಪನ್ನವಲ್ಲ ಎಂದು ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ಸಣ್ಣ ಹಿಡುವಳಿದಾರನ ಇಂಥ ಆದಾಯ ಸಾಮಾನ್ಯವಾಗಿ ತೆರಿಗೆ ಮಿತಿಯ ಒಳಗೇ ಇರುತ್ತೆ, ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಪರಿಹಾರದ ಹಣ ಬಂದಾಗ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಜಮೀನು ತೆಗೆದುಕೊಳ್ಳೋದು 1966ರ ತನ್ನ ಕಾಯಿದೆಯಲ್ಲಿ. 2013ರ ಕೇಂದ್ರ ಭೂಸ್ವಾಧೀನ ಕಾಯಿದೆಯ 96ನೇ ಕಲಮು ಪರಿಹಾರಕ್ಕೆ ತೆರಿಗೆ ಇಲ್ಲ ಎನ್ನುತ್ತೆ. ಎರಡೂ ಒಂದೇ ಎಂದು ನಂಬಿ ಸುಮ್ಮನೆ ಕೂರಬೇಡಿ.

ಬೇಸಾಯದ ಜಮೀನಿನ ಪರಿಹಾರದಲ್ಲಿ ತೆರಿಗೆ ಮುರಿಯುವಂತಿಲ್ಲ. ಬೇಸಾಯದ್ದಲ್ಲ ಎಂದು ಕಡತ ಹೇಳಿದರೆ ನೂರಕ್ಕೆ 10 ಮುರೀತಾರೆ. ಪ್ಯಾನ್ ಕೊಡದಿದ್ದರೆ 20. ಅಂದರೆ 50 ಲಕ್ಷಕ್ಕೆ 5 ಲಕ್ಷವೋ 10 ಲಕ್ಷವೋ ಹೋಯಿತು. ಕೋರ್ಟಿಗೆ ಹೋಗಿ ಹೆಚ್ಚುವರಿ ಪರಿಹಾರ ಪಡೆದರೆ, ಅದರ ಮೇಲಿನ ಬಡ್ಡಿ ಬೇರೆ ಲೆಕ್ಕ: ಹತ್ತು ವರ್ಷದ ಬಡ್ಡಿಯಾದರೂ ಕೈಗೆ ಬಂದ ವರ್ಷದ ಆದಾಯ. ಅದರಲ್ಲಿ ಅರ್ಧ ಬಿಟ್ಟು ಉಳಿದರ್ಧಕ್ಕೆ ತೆರಿಗೆ.

ಮುರಿದದ್ದರಲ್ಲಿ ನಮಗೆ ವಾಪಸ್ ಬರಬೇಕಾದ್ದು ಇರುತ್ತೆ. ಆದರೆ ಕೇಳದೆ ಯಾರೂ ಮನೆಗೆ ತಂದುಕೊಡೋದಿಲ್ಲ. ಕೇಳುವ ದಾರಿ ರಿಟರ್ನ್ ಒಂದೇ. ಬಾಡಿಗೆ, ಬಡ್ಡಿ, ಪರಿಹಾರ ಮಾತ್ರ ಇದ್ದು ವ್ಯಾಪಾರ ಇಲ್ಲದವರಿಗೆ ಕೊನೆ ದಿನ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ದಂಡ ಕಟ್ಟಿ ಸಲ್ಲಿಸಬಹುದು: 5 ಲಕ್ಷದೊಳಗಿನ ಆದಾಯಕ್ಕೆ 1,000, ಮೇಲಿದ್ದರೆ 5,000 ರೂಪಾಯಿ. ಅದೂ ದಾಟಿದರೆ ಅಲೆದಾಟವೇ ಗತಿ.

ಕಾಗದ ಇಲ್ಲದೆ ಆಡಿಟರೂ ಏನೂ ಮಾಡಲಾರ. ಇವತ್ತೇ ಮನೆಗೆ ಹೋಗಿ ಒಂದು ಫೈಲು ಕಟ್ಟಿ. ಅದರಲ್ಲಿ ಇವಿರಲಿ:

1. ಸ್ವಾಧೀನಕ್ಕೆ ಹಿಂದಿನ ಕನಿಷ್ಠ ಎರಡು ವರ್ಷದ ಪಹಣಿ. ಬೆಳೆ ಕಾಲಂ ನೋಡಿ. ಜಮೀನು ಪಟ್ಟಣದ ಅಂಚಿಗೆ ಬಿದ್ದರೆ, ಆ ಎರಡು ವರ್ಷ ನಾವೋ ತಂದೆತಾಯಿಯೋ ಬೇಸಾಯ ಮಾಡಿದ್ದೇವೆ ಎಂದು ತೋರಿಸಿದರೇ ವಿನಾಯಿತಿ.
2. ನೋಟಿಫಿಕೇಷನ್, ಅವಾರ್ಡ್ ಪ್ರತಿ. ಪರಿಹಾರ ಎಷ್ಟು, ಬಡ್ಡಿ ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಿ.
3. ವಿಭಾಗ ಪತ್ರ. ಅಣ್ಣನ ಹೆಸರಿಗೆ ಹಣ ಬಂದು ತಮ್ಮಂದಿರು ಹಂಚಿಕೊಂಡರೆ ನೋಟೀಸು ಬರೋದು ಅಣ್ಣನಿಗೆ. ಪಾಲುದಾರರೆಲ್ಲ ತಮ್ಮ ತಮ್ಮ ಪ್ಯಾನ್ ಕೊಟ್ಟು ಪಾಲು ಬೇರೆಯಾಗಿ ಪಡೆಯಿರಿ.
4. ತೆರಿಗೆ ಮುರಿದ ಸರ್ಟಿಫಿಕೇಟು, ಬ್ಯಾಂಕ್ ಪಾಸ್‌ಬುಕ್ಕು, ಮಂಡಿ ಚೀಟಿ, ಗೊಬ್ಬರದ ಬಿಲ್ಲು.

ಪರಿಹಾರದ ಹಣ ಠೇವಣಿ ಇಟ್ಟವರು, ತೆರಿಗೆ ಬರುವಷ್ಟು ಆದಾಯ ಇಲ್ಲದಿದ್ದರೆ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಘೋಷಣಾ ಪತ್ರ ಕೊಡಿ. ಅದು ಒಂದೇ ವರ್ಷಕ್ಕೆ; ಪ್ರತಿ ವರ್ಷ ಕೊಡಬೇಕು.

ನೆಲ ಒಂದು ಸಲ ಹೋಯಿತು. ಅದರ ಬದಲು ಬಂದ ದುಡ್ಡೂ ಕಾಗದವಿಲ್ಲದ ಕಾರಣಕ್ಕೆ ಹೋಗಬಾರದು. 1980ರ ಜುಲೈ 21ರಂದು ನರಗುಂದದಲ್ಲಿ ಅಭಿವೃದ್ಧಿ ಕರ ವಿರೋಧಿಸಿದ ರೈತರ ಮೇಲೆ ಗೋಲಿಬಾರ್ ಆಯಿತು. ಅನ್ಯಾಯದ ಕರ ಕೊಡೆವು ಅನ್ನೋದು ಅವರು ಕಲಿಸಿದ ಪಾಠ. ನಮ್ಮಿಂದ ಹೆಚ್ಚಿಗೆ ಮುರಿದದ್ದನ್ನು ಲೆಕ್ಕ ಹಾಕಿ ವಾಪಸ್ ಪಡೆಯೋದೂ ಅದೇ ಪಾಠ. ಪ್ರತಿ ವರ್ಷ ಜುಲೈ 21ಕ್ಕೆ ಹುತಾತ್ಮರನ್ನು ನೆನೆಯಲು ಸೇರುವಾಗ ಎಲ್ಲರೂ ಫೈಲು ತನ್ನಿ. ಓದಿದ ಹುಡುಗ ಹುಡುಗಿಯರು ಕೂತು ನೋಡಲಿ. ಕೊನೆ ದಿನಕ್ಕೆ ಇನ್ನೂ ಹತ್ತು ದಿನ ಇರುತ್ತೆ. ಕೊರತೆಯ ಕಾಗದ ತರಲು ಅಷ್ಟು ಸಾಕು.