ದೂರದ ಧೂಮಕೇತುವಿನ ಹಾದಿ ಮತ್ತು ಬೆಳಕು
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನೂರು ತುಂಬಿದ ಶಾಲೆಯ ಮಂಗಳೋತ್ಸವದಲ್ಲಿ ಧೂಮಕೇತುವಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಾಲದ ಚುಕ್ಕಿ ಕಂಡರೆ ಕೇಡು ಎಂದು ನಂಬಿದ್ದ ಅಜ್ಜಿಯರು ನಮ್ಮ ಮನೆಗಳಲ್ಲಿಯೂ ಇದ್ದರು. ಆದರೆ ಇಂದು ಹೊಸೂರು, ತಳಿ, ಡೆಂಕಣಿಕೋಟೆಯ ಕಡೆಯ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯೇ ಬೇರೆ. ಕನ್ನಡದಲ್ಲಿ ಕಲಿತ ಮಗುವಿಗೆ ದೊಡ್ಡ ವಿಜ್ಞಾನ ಎಟುಕೀತೇ? ಎಟುಕದು ಎಂಬ ಅಂಜಿಕೆಯಿಂದಲೇ ಎಷ್ಟೋ ಮನೆಗಳ ಮಕ್ಕಳು ಈ ಶಾಲೆಯ ಬಾಗಿಲನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದಾರೆ. ಇದಕ್ಕೆ ಅಭಿಮಾನದ ಮಾತುಗಳಿಂದ ಉತ್ತರ ಹೇಳುವುದು ನಮಗೆ ಸರಿಯೆನಿಸುವುದಿಲ್ಲ. ಅದಕ್ಕೆ ಬದಲಾಗಿ ಇಂದಿನ ಖಗೋಳವಿಜ್ಞಾನದ ಒಂದು ಕೆಲಸವನ್ನೇ ಬಿಡಿಸಿ ತಮ್ಮ ಮುಂದಿಡುತ್ತೇವೆ.

2021ರ ಜೂನ್ ತಿಂಗಳಲ್ಲಿ ಒಂದು ಹೊಸ ಕಾಯದ ಸುದ್ದಿ ಪ್ರಕಟವಾಯಿತು. ಕಂಡುಹಿಡಿದವರು ಪೆಡ್ರೊ ಬರ್ನಾರ್ಡಿನೆಲ್ಲಿ ಎಂಬ ಸಂಶೋಧನ ವಿದ್ಯಾರ್ಥಿ ಮತ್ತು ಅವರ ಪ್ರಾಧ್ಯಾಪಕ ಗ್ಯಾರಿ ಬರ್ನ್‌ಸ್ಟೀನ್. ಅವರು ಹೊಸದಾಗಿ ಆಕಾಶವನ್ನು ನೋಡಿ ಇದನ್ನು ಕಂಡದ್ದಲ್ಲ. ಚಿಲಿ ದೇಶದ ಬೆಟ್ಟವೊಂದರ ಮೇಲಿನ ನಾಲ್ಕು ಮೀಟರ್ ದೂರದರ್ಶಕವು ದೂರದ ಗೆಲಾಕ್ಸಿಗಳಿಗಾಗಿ ಆರು ವರ್ಷ ತೆಗೆದಿಟ್ಟಿದ್ದ ಚಿತ್ರಗಳಲ್ಲಿ, ಸ್ಥಳ ಬದಲಿಸುವ ಚುಕ್ಕಿಗಳನ್ನು ಹುಡುಕುತ್ತಿದ್ದಾಗ ಇದು ಸಿಕ್ಕಿತು. ಅದರ ಮೊದಲ ಚಿತ್ರ 2014ರದು. ಆಗ ಅದು ಸೂರ್ಯನಿಂದ 29 ಖಗೋಳಮಾನ ದೂರದಲ್ಲಿತ್ತು. ಸೂರ್ಯನಿಗೂ ಭೂಮಿಗೂ ನಡುವಿನ ಸುಮಾರು 15 ಕೋಟಿ ಕಿಲೋಮೀಟರನ್ನು ಒಂದು ಖಗೋಳಮಾನವೆನ್ನುತ್ತೇವೆ. ಹಾಗಾದರೆ 29 ಎಂದರೆ ನಾನೂರ ಮೂವತ್ತು ಕೋಟಿ ಕಿಲೋಮೀಟರಿಗೂ ಮಿಗಿಲು, ಹೆಚ್ಚುಕಡಿಮೆ ನೆಪ್ಚೂನ್ ಗ್ರಹದಷ್ಟು ದೂರ. ಸುದ್ದಿ ಹೊರಬಿದ್ದ ಮೇಲೆ ಇನ್ನೂ ಹಳೆಯ ಚಿತ್ರಗಳನ್ನು ಕೆದಕಿದಾಗ 2010ರ ಚಿತ್ರದಲ್ಲಿಯೂ ಆ ಚುಕ್ಕಿ ದೊರೆಯಿತು. ಯಾರೂ ಗಮನಿಸದೆ ಕಪಾಟಿನಲ್ಲಿದ್ದ ದಾಖಲೆ ಒಂದು ದಿನ ಮಾತಾಡಿತು. ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಗೆದ್ದಲಿನಿಂದ ಉಳಿಸಿ ಈ ಸಂಪುಟವನ್ನು ಸಿದ್ಧಪಡಿಸಿದವರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಚುಕ್ಕಿ ಸಿಕ್ಕಿತು, ಹಾದಿ ತಿಳಿಯುವುದು ಹೇಗೆ? ಒಂದು ಚಿತ್ರದಿಂದ ಆಕಾಶದಲ್ಲಿ ಅದು ಯಾವ ದಿಕ್ಕಿನಲ್ಲಿದೆ ಎಂಬುದು ಮಾತ್ರ ತಿಳಿಯುತ್ತದೆ, ಅಂದರೆ ಎರಡು ಕೋನಗಳು. ದೂರ ತಿಳಿಯುವುದಿಲ್ಲ. ಬೆರಳನ್ನು ಮೂಗಿನ ಮುಂದೆ ಹಿಡಿದು ಎಡಗಣ್ಣು, ಬಲಗಣ್ಣುಗಳನ್ನು ಒಂದೊಂದಾಗಿ ಮುಚ್ಚಿದರೆ ಬೆರಳು ಅತ್ತಿತ್ತ ಜಿಗಿದಂತೆ ತೋರುತ್ತದೆ. ಬೆರಳು ದೂರವಾದಷ್ಟೂ ಜಿಗಿತ ಕಿರಿದು. ಭೂಮಿಯು ಆರು ತಿಂಗಳಲ್ಲಿ ಸೂರ್ಯನ ಆಚೆ ಬದಿಗೆ ಹೋಗುವುದರಿಂದ ನಮಗೆ ಮೂವತ್ತು ಕೋಟಿ ಕಿಲೋಮೀಟರ್ ಅಂತರದ ಎರಡು ಕಣ್ಣುಗಳು ದೊರೆಯುತ್ತವೆ. 29 ಖಗೋಳಮಾನದಲ್ಲಿರುವ ಕಾಯ ಆಗ ಸುಮಾರು ನಾಲ್ಕು ಡಿಗ್ರಿ, ಅಂದರೆ ಎಂಟು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು, ಸರಿದಂತೆ ಕಾಣುತ್ತದೆ. ವರ್ಷವರ್ಷವೂ ಅದು ನಕ್ಷತ್ರಗಳ ನಡುವೆ ಕುಣಿಕೆ ಹಾಕುತ್ತ ಸಾಗುತ್ತದೆ. ಆ ಕುಣಿಕೆ ನಮ್ಮ ಭೂಮಿಯ ಓಟದ ನೆರಳು. ಅದನ್ನು ಕಳೆದು ಉಳಿದದ್ದೇ ಧೂಮಕೇತುವಿನ ಸ್ವಂತ ಚಲನೆ.

ಕಕ್ಷೆಯನ್ನು ಪೂರ್ತಿ ಹೇಳಲು ಆರು ಸಂಖ್ಯೆಗಳು ಬೇಕು. ಒಂದು ವೀಕ್ಷಣೆಗೆ ಎರಡರಂತೆ ಮೂರು ವೀಕ್ಷಣೆಗಳಿಂದ ಆರು ಸಮೀಕರಣಗಳು ಒದಗುತ್ತವೆ. 1801ರಲ್ಲಿ ಸೀರಿಸ್ ಎಂಬ ಕಾಯ ಸೂರ್ಯನ ಬೆಳಕಿನಲ್ಲಿ ಕಣ್ಮರೆಯಾದಾಗ, ಇಪ್ಪತ್ತನಾಲ್ಕು ವರ್ಷದ ಗೌಸ್ ಇಂಥದೇ ಲೆಕ್ಕದಿಂದ ಅದನ್ನು ಮತ್ತೆ ಹುಡುಕಿಸಿಕೊಟ್ಟರು. ಪ್ರತಿಯೊಂದು ಅಳತೆಯಲ್ಲಿಯೂ ಅಲ್ಪಸ್ವಲ್ಪ ದೋಷವಿರುವುದರಿಂದ ಮೂರಕ್ಕೆ ನಿಲ್ಲದೆ ಹತ್ತಾರು ವೀಕ್ಷಣೆಗಳನ್ನು ಕೂಡಿಸಿ, ಎಲ್ಲಕ್ಕೂ ಹೆಚ್ಚು ಹೊಂದುವ ಹಾದಿಯನ್ನು ಆರಿಸುತ್ತಾರೆ. ನಮ್ಮ ಧೂಮಕೇತುವಿನ ಹಾದಿ ಹೀಗಿದೆ: ಗ್ರಹಗಳು ಸುತ್ತುವ ತಳಕ್ಕೆ ಬಹುಮಟ್ಟಿಗೆ ಲಂಬವಾಗಿ ಬರುತ್ತಿದೆ, ಒಂದು ಸುತ್ತಿಗೆ ಹಲವು ಲಕ್ಷ ವರ್ಷಗಳೇ ಬೇಕು, ಸುಮಾರು ಮೂವತ್ತು ಲಕ್ಷ, 2031ರ ಜನವರಿಯಲ್ಲಿ ಸೂರ್ಯನಿಗೆ ಅತಿ ಸಮೀಪ ಬಂದಾಗಲೂ 11 ಖಗೋಳಮಾನದಷ್ಟು ದೂರದಲ್ಲಿ, ಶನಿಯ ಕಕ್ಷೆಯ ಹೊರಗೇ ಇರುತ್ತದೆ. ಅದರಿಂದ ಭೂಮಿಗೆ ಭಯವಿಲ್ಲ.

ಹಾದಿಗಿಂತ ಬೆಳಕಿನ ಲೆಕ್ಕ ತೊಡಕಿನದು. ನಮಗೆ ಹೆಚ್ಚು ಇಷ್ಟವಾದುದೂ ಅದೇ. ದೀಪದಿಂದ ಎರಡರಷ್ಟು ದೂರ ಸರಿದರೆ ಬೆಳಕು ನಾಲ್ಕನೆಯ ಒಂದು ಭಾಗವಾಗುತ್ತದೆಂದು ನಾವು ಇಲ್ಲಿಯೇ ಕಲಿತೆವು. ಧೂಮಕೇತುವಿನ ವಿಷಯದಲ್ಲಿ ಈ ನಿಯಮ ಎರಡು ಸಲ ಕೆಲಸಮಾಡುತ್ತದೆ: ಸೂರ್ಯನ ಬೆಳಕು ಅಲ್ಲಿಗೆ ಹೋಗುವಾಗ ಒಮ್ಮೆ, ಅಲ್ಲಿಂದ ಮರಳಿ ನಮ್ಮತ್ತ ಬರುವಾಗ ಇನ್ನೊಮ್ಮೆ. ಆದ್ದರಿಂದ ದೂರ ಅರ್ಧವಾದರೆ ಹೊಳಪು ಹದಿನಾರು ಪಟ್ಟು. 29ರಿಂದ 20 ಖಗೋಳಮಾನಕ್ಕೆ ಬಂದರೆ ಬರಿಯ ಬಂಡೆಯೊಂದು ಸುಮಾರು ನಾಲ್ಕೂವರೆ ಪಟ್ಟು ಹೊಳೆಯಬೇಕು. ಅದಕ್ಕಿಂತ ಹೆಚ್ಚು ಹೊಳೆದರೆ ಸುತ್ತಲೂ ಧೂಳು, ಅನಿಲಗಳ ಮುಸುಕು ಎದ್ದಿದೆ ಎಂದೇ ತಿಳಿಯಬೇಕು.

ಈ ಕಾಯ 2014ರಲ್ಲಿ ಬರಿಗಣ್ಣಿಗೆ ಕಾಣುವ ಅತಿ ಮಂಕಾದ ನಕ್ಷತ್ರಕ್ಕಿಂತ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪಟ್ಟು ಮಂಕಾಗಿತ್ತು. ಮೊದಲಿಗೆ ಮುಸುಕು ಕಾಣದ ಕಾರಣ ಅದರ ಗಾತ್ರವನ್ನು ಬಹಳ ದೊಡ್ಡದಾಗಿ ಊಹಿಸಿದ್ದರು. ಪ್ರಕಟಣೆಯಾದ ಕೆಲವೇ ದಿನಗಳಲ್ಲಿ ಆಫ್ರಿಕಾದ ದಕ್ಷಿಣ ಭಾಗದ ದೂರದರ್ಶಕಗಳು ಮುಸುಕನ್ನು ತೋರಿಸಿದವು. ಹಾಗಾದರೆ ಬೆಳಕಿನಲ್ಲಿ ಬಂಡೆಯ ಪಾಲೆಷ್ಟು, ಧೂಳಿನ ಪಾಲೆಷ್ಟು? 2022ರ ಜನವರಿಯಲ್ಲಿ ಹಬಲ್ ದೂರದರ್ಶಕ ತೆಗೆದ ಚಿತ್ರಗಳಿಂದ ಮುಸುಕಿನ ಹೊಳಪನ್ನು ಲೆಕ್ಕಹಾಕಿ ಕಳೆದರು. ಉಳಿದ ಬೆಳಕನ್ನು ಚಿಲಿಯ ರೇಡಿಯೊ ದೂರದರ್ಶಕಗಳು ಅಳೆದ ಶಾಖದೊಡನೆ ಹೋಲಿಸಿದಾಗ ಬಂಡೆಯ ಅಗಲ ಸುಮಾರು 120ರಿಂದ 140 ಕಿಲೋಮೀಟರ್ ಎಂದು ತಿಳಿಯಿತು. ಅದರ ಮೈ ಇದ್ದಿಲಿನಷ್ಟು ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಮೂರರಿಂದ ಐದು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಹ್ಯಾಲಿಯ ಗಟ್ಟಿ ಭಾಗ ಉದ್ದದಲ್ಲಿ ಹದಿನೈದು ಕಿಲೋಮೀಟರ್ ಮಾತ್ರ! ಅಷ್ಟು ಚಳಿಯಲ್ಲಿ ನೀರಿನ ಮಂಜುಗಡ್ಡೆ ಆವಿಯಾಗದು. ಹೊಮ್ಮುತ್ತಿರುವುದು ಹೆಪ್ಪುಗಟ್ಟಿದ ಕಾರ್ಬನ್ ಮಾನಾಕ್ಸೈಡ್ ಎಂಬುದು ಅದೇ ರೇಡಿಯೊ ದೂರದರ್ಶಕಗಳಿಂದ ಮುಂದೆ ಖಚಿತವಾಯಿತು.

ಹಬಲ್ ತಂಡದಲ್ಲಿದ್ದ ಡೇವಿಡ್ ಜೂಯಿಟ್ 1982ರಲ್ಲಿ, ತಾವು ವಿದ್ಯಾರ್ಥಿಯಾಗಿದ್ದಾಗ, ಮರಳಿ ಬರುತ್ತಿದ್ದ ಹ್ಯಾಲಿಯನ್ನು ಎಲ್ಲರಿಗಿಂತ ಮೊದಲು ಪತ್ತೆಹಚ್ಚಿದ ಇಬ್ಬರಲ್ಲಿ ಒಬ್ಬರು. ಅದಕ್ಕೂ ಹಿಂದೆ, 1758ರ ಕ್ರಿಸ್‌ಮಸ್ ರಾತ್ರಿ ಅದೇ ಹ್ಯಾಲಿಯನ್ನು ಮೊದಲು ಕಂಡವನು ಜರ್ಮನಿಯ ಒಬ್ಬ ರೈತ, ಪಾಲಿಚ್. ಅದರ ಆಗಮನದ ದಿನವನ್ನು ಗುಣಿಸಿದ ಕ್ಲೇರೊ, ಲಲಾಂದ್ ಮತ್ತು ನಿಕೋಲ್ ರೆನ್ ಲೆಪೋತ್ ಎಂಬ ಮಹಿಳೆ ತಿಂಗಳುಗಟ್ಟಲೆ ಕೈಯಲ್ಲೇ ಲೆಕ್ಕಮಾಡಿದರು. ಗುರು, ಶನಿಗಳ ಸೆಳೆತವನ್ನೂ ಸೇರಿಸಿದ ಅವರ ಉತ್ತರ ಒಂದು ತಿಂಗಳಷ್ಟೇ ತಪ್ಪಿತು.

ಇದು ಹೊರನಾಡಿನವರ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಹೈದರಾಬಾದಿನಲ್ಲಿ ಬೆಳೆದ ವೇಣು ಬಾಪು ಅವರು ಹಾರ್ವರ್ಡಿನಲ್ಲಿ ಓದುತ್ತಿದ್ದಾಗ, 1949ರಲ್ಲಿ, ಕಂಡ ಧೂಮಕೇತುವಿಗೆ ಅವರ ಹೆಸರೂ ಸೇರಿದೆ. ಮುಂದೆ ಅವರು ಕಟ್ಟಿದ ಕಾವಲೂರಿನ ವೀಕ್ಷಣಾಲಯ ನಮ್ಮ ಹೊಸೂರಿನ ಆಚೆ, ಜವ್ವಾದು ಬೆಟ್ಟಗಳಲ್ಲಿದೆ. ಅದನ್ನು ನಡೆಸುವ ಸಂಸ್ಥೆ ಬೆಂಗಳೂರಿನಲ್ಲಿದೆ. 1988ರಲ್ಲಿ ಆರ್. ರಾಜಮೋಹನ್ ಅವರು ಚಲಿಸುವ ಚುಕ್ಕಿಯೊಂದನ್ನು ಅಲ್ಲಿಯೇ ಹಿಡಿದರು. ಆ ಕ್ಷುದ್ರಗ್ರಹಕ್ಕೆ ರಾಮಾನುಜನ್ ಎಂದು ಹೆಸರು.

ತಂದೆತಾಯಂದಿರೇ, ಈವರೆಗೆ ಹೇಳಿದ್ದರಲ್ಲಿ ಕನ್ನಡಕ್ಕೆ ಒಗ್ಗದ ಮಾತು ಯಾವುದಿತ್ತು? ಇಂಗ್ಲಿಷ್ ಬೇಡವೆಂದಲ್ಲ, ಮುಂದೆ ಅದೂ ಬೇಕು. ಆದರೆ ಕೋನ, ವರ್ಗ, ಅನುಪಾತಗಳು ಮಗುವಿನ ಮನಸ್ಸಿನಲ್ಲಿ ಬೇರೂರುವುದು ಅದು ಜಗಳವಾಡುವ, ಕನಸು ಕಾಣುವ ಭಾಷೆಯಲ್ಲಿಯೇ.

2031ರಲ್ಲಿಯೂ ಈ ಧೂಮಕೇತು ಬರಿಗಣ್ಣಿಗೆ ಕಾಣದು. ಆದರೆ ಬೆಳಕನ್ನು ಅಳೆಯುವ ಅಭ್ಯಾಸಕ್ಕೆ ಅಷ್ಟು ಕಾಯಬೇಕಾಗಿಲ್ಲ, ದೂರದರ್ಶಕವೂ ಬೇಡ. ಕಾರ್ಖಾನೆಗಳ ದೀಪ ಹೊಸೂರಿನ ಆಕಾಶವನ್ನು ಎಷ್ಟೇ ತಿಂದಿದ್ದರೂ ಆರ್ದ್ರಾ ನಕ್ಷತ್ರ ಇನ್ನೂ ಕಾಣುತ್ತದೆ. ಅದರ ಹೊಳಪು ಏರಿಳಿಯುತ್ತದೆ. 2020ರ ಆರಂಭದಲ್ಲಿ ಜಗತ್ತೇ ಬೆರಗಾಗುವಷ್ಟು ಕುಗ್ಗಿತ್ತು. ಡಿಸೆಂಬರಿನಿಂದ ಮಾರ್ಚಿಯವರೆಗೆ ವಾರಕ್ಕೊಮ್ಮೆ ಮಕ್ಕಳು ಅದನ್ನು ರೋಹಿಣಿಯೊಡನೆಯೂ, ಮಹಾವ್ಯಾಧನ ಇನ್ನೊಂದು ಹೆಗಲ ನಕ್ಷತ್ರದೊಡನೆಯೂ ಹೋಲಿಸಲಿ. ಯಾವುದಕ್ಕೆ ಎಷ್ಟು ಹತ್ತಿರ ಎಂಬುದನ್ನು ಹತ್ತು ಪಾಲಿನ ಲೆಕ್ಕದಲ್ಲಿ ಅಂದಾಜಿಸಲಿ. ಇದಕ್ಕಾಗಿ ಒಂದು ದಪ್ಪ ರಟ್ಟಿನ ಪುಸ್ತಕವನ್ನು ಇಂದು ಶಾಲೆಗೆ ಒಪ್ಪಿಸುತ್ತಿದ್ದೇವೆ. ತಾರೀಖು, ಗಂಟೆ, ಮೋಡ, ಬೆಳದಿಂಗಳು, ನೋಡಿದವರ ಹೆಸರು, ಇಷ್ಟಕ್ಕೆ ಅಂಕಣಗಳನ್ನು ಗೆರೆ ಎಳೆದಿದ್ದೇವೆ. ಮೊದಲ ಸಾಲು ಖಾಲಿಯಿದೆ.