ಈ ವರ್ಷ ಯಾರ ಕ್ಲಾಸಲ್ಲಿ?

ಊರಿನ ಸರಕಾರಿ ಶಾಲೆಯಲ್ಲಿ ನಾವು ಒಂದರಿಂದ ಏಳರವರೆಗೆ ಒಂದೇ ಗುಂಪಾಗಿ ಕಲಿತವರು. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋದಲ್ಲಿ ಹಾಗಲ್ಲ. ಒಂದು ತರಗತಿಗೆ ಎರಡು ಮೂರು ಕ್ಲಾಸ್ ಇರುವ ಪ್ರೈಮರಿ ಶಾಲೆಗಳಲ್ಲಿ ಪ್ರತಿ ಆಗಸ್ಟಿಗೆ ಮಕ್ಕಳನ್ನು ಕಲಸಿ ಹಂಚ್ತಾರೆ. ಲಾಸ್ ಏಂಜಲೀಸಿನ ಸರಕಾರಿ ಶಾಲೆಗಳಲ್ಲಂತೂ ಕೆಲವು ವಾರ ಕಳೆದು 'ನಾರ್ಮ್ ಡೇ' ಅಂತ ತಲೆ ಎಣಿಕೆ. ಮಕ್ಕಳು ಕಮ್ಮಿಯಾದರೆ ಟೀಚರ್ ಬೇರೆ ಶಾಲೆಗೆ, ಕ್ಲಾಸ್ ಮತ್ತೆ ಅದಲು ಬದಲು.

ಶಾಲೆಯವರ ಲೆಕ್ಕ ತಪ್ಪು ಅಂತ ನಾವು ಹೇಳುವುದಿಲ್ಲ. ಚುರುಕಿನವರು, ಹಿಂದುಳಿದವರು, ಇಂಗ್ಲಿಷ್ ಕಲಿಯುತ್ತಿರುವವರು ಎಲ್ಲ ಕ್ಲಾಸಿಗೂ ಸಮ ಬರಬೇಕಲ್ಲ. ಆದರೆ ನಮ್ಮ ಮಗುವಿಗೆ ಅಜ್ಜಿ, ಮಾವ, ಚಿಕ್ಕಮ್ಮನ ಮಕ್ಕಳು ಎಲ್ಲರೂ ಮಂಗಳೂರಲ್ಲಿ. ಇಲ್ಲಿ ಇರುವುದೇ ಒಬ್ಬ ಗೆಳೆಯ. ಅವನೂ ಪಕ್ಕದ ಕ್ಲಾಸಿಗೆ ಹೋದರೆ ಊಟಕ್ಕೆ ಯಾರ ಹತ್ತಿರ ಕೂರಬೇಕು? "ಹೊಸಬರು ಸಿಗ್ತಾರೆ ಬಿಡು" ಅಂತ ಬಾಯಿ ಮುಚ್ಚಿಸ್ತೇವೆ. ಶಿಫ್ಟ್ ಮುಗಿಸಿ ಬಂದ ಬಾಪನಿಗೆ ಅಷ್ಟೇ ತ್ರಾಣ ಇರುವುದು, ಅದು ಬೇರೆ ಮಾತು.

ಹಾಗಾಗಿ ಏಪ್ರಿಲ್, ಮೇಯಲ್ಲೇ ಪ್ರಿನ್ಸಿಪಾಲರಿಗೆ ಬರೆದುಕೊಡಿ: ಇಂಥ ಒಬ್ಬ ಗೆಳೆಯನ ಜೊತೆ ಹಾಕಿದರೆ ಉಪಕಾರ ಅಂತ. ಹಾಕಲೇಬೇಕೆಂದಿಲ್ಲ, ಕೇಳಲು ಅಡ್ಡಿಯಿಲ್ಲ. ಇಂಗ್ಲಿಷ್ ತೊಂದರೆಯಾದರೆ ನಾವು ಬರೆದು ಕೊಡ್ತೇವೆ. ಜೂನಿನ ರಜೆಗೆ ಮುಂಚೆ ಆ ಗೆಳೆಯನ ತಾಯಿಯ ನಂಬರನ್ನೂ ಕೇಳಿ ತಗೊಳ್ಳಿ. ಕ್ಲಾಸ್ ಬೇರೆಯಾದರೂ ಶನಿವಾರ ಇಬ್ಬರನ್ನೂ ಪಾರ್ಕಿಗೆ ಕರಕೊಂಡು ಹೋಗಬಹುದು.